ಕುದುರೆಮುಖದ ಶಿಖರಾರೋಹಣ: ಮಾರ್ಗದರ್ಶಕರ ನಿಯಮಗಳೂ ಅವುಗಳ ಕಾರಣಗಳೂ

ಮಲೆನಾಡಿನ ಶಿಖರಗಳಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಕುದುರೆಮುಖದಷ್ಟು ಸೆಳೆಯುವಂಥವು ಕೆಲವೇ ಉಂಟು. ಸಮುದ್ರಮಟ್ಟದಿಂದ ಸುಮಾರು ೧೮೯೪ ಮೀಟರು ಎತ್ತರವಾದ ಈ ಶಿಖರವನ್ನು ಕಳಸದ ಕಡೆಯ ಮುಳ್ಳೋಡಿಯಿಂದ ಹೊರಟು ಒಂದೇ ಹಗಲಿನಲ್ಲಿ ಏರಿ ಇಳಿಯುವುದು ಈಗಿನ ಪದ್ಧತಿ. ಹೋಗಿ ಬರುವ ದಾರಿ ೧೮ರಿಂದ ೨೦ ಕಿಲೋಮೀಟರು. ಏರಬೇಕಾದ ಎತ್ತರ ಸಾವಿರ ಮೀಟರಿಗೆ ಹತ್ತಿರ. ದಾರಿಯು ರಾಷ್ಟ್ರೀಯ ಉದ್ಯಾನದೊಳಗೆ ಇರುವುದರಿಂದ ಅರಣ್ಯ ಇಲಾಖೆಯ ಅನುಮತಿಯನ್ನು ಪಡೆದು, ಸ್ಥಳೀಯ ಮಾರ್ಗದರ್ಶಕರೊಬ್ಬರನ್ನು ಜೊತೆಗೆ ಕರೆದುಕೊಂಡೇ ಹೋಗಬೇಕು. ದಿನಕ್ಕೆ ಇಂತಿಷ್ಟೇ ಮಂದಿ ಎಂಬ ಮಿತಿಯುಂಟು. ರಾತ್ರಿ ಬೆಟ್ಟದ ಮೇಲೆ ತಂಗುವಂತಿಲ್ಲ. ಕಾಡುಗಿಚ್ಚಿನ ಭಯವಿರುವ ಬೇಸಗೆಯಲ್ಲಿ ದಾರಿಯನ್ನು ಮುಚ್ಚುವುದೂ ಉಂಟು.

ಮಾರ್ಗದರ್ಶಕರು ಬಹುಮಟ್ಟಿಗೆ ಆ ಸುತ್ತಿನ ಹಳ್ಳಿಗಳ ತರುಣರು. ಅವರು ವಿಧಿಸುವ ನಿಯಮಗಳು ಹೆಚ್ಚಲ್ಲ. ಬೆಳಗ್ಗೆ ತಡಮಾಡದೆ ಹೊರಡಬೇಕು, ಮೊದಲ ಗಂಟೆಯಲ್ಲಿ ಓಡಬಾರದು, ಹುಲ್ಲಿನ ಮೇಲೆ ಅಡ್ಡದಾರಿ ಹಿಡಿಯಬಾರದು, ಶಿಖರವು ಕಣ್ಣೆದುರಿಗೇ ಇದ್ದರೂ ಹೇಳಿದ ಹೊತ್ತಿಗೆ ಹಿಂದಿರುಗಬೇಕು. ಈ ಮಾತುಗಳನ್ನು ಬರಿಯ ಅಪ್ಪಣೆಯೆಂದು ಬಗೆದು ಬೇಸರಪಡುವ ತಂಡಗಳನ್ನು ನಾವು ಕಂಡಿದ್ದೇವೆ. ಮಾರ್ಗದರ್ಶಕರನ್ನು ಅನುಮತಿಪತ್ರದ ಜೊತೆಗೆ ಬಂದ ಆಳಿನಂತೆ ನಡೆಸಿಕೊಳ್ಳುವ ತಂಡಗಳೂ ಇಲ್ಲದಿಲ್ಲ. ವಾಸ್ತವವಾಗಿ ಈ ಒಂದೊಂದು ಮಾತಿನ ಹಿಂದೆಯೂ ಆ ಬೆಟ್ಟದ ರಚನೆಗೋ ಹವೆಗೋ ಸಸ್ಯಜೀವನಕ್ಕೋ ಸೇರಿದ ಕಾರಣವಿದೆ. ಅದನ್ನು ತಕ್ಕಮಟ್ಟಿಗೆ ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಕಾಲದ ಲೆಕ್ಕ. ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ ಎಂಬವನು ೧೮೯೨ರಲ್ಲಿ ಒಂದು ಸುಲಭಸೂತ್ರವನ್ನು ಕೊಟ್ಟನು: ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಏರುವ ಪ್ರತಿ ಎರಡು ಸಾವಿರ ಅಡಿಗೆ ಇನ್ನೊಂದು ಗಂಟೆ. ಈ ಸೂತ್ರದಂತೆ ಕುದುರೆಮುಖಕ್ಕೆ ಹೋಗಿ ಬರಲು ಐದೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು ಸಾಕು. ಆದರೆ ಇದು ಅಭ್ಯಾಸವುಳ್ಳವನು ಎಲ್ಲಿಯೂ ನಿಲ್ಲದೆ ನಡೆಯುವ ಲೆಕ್ಕ. ಇಪ್ಪತ್ತು ಮಂದಿಯ ತಂಡವೊಂದರ ವೇಗವು ಅದರಲ್ಲಿ ಅತ್ಯಂತ ನಿಧಾನವಾಗಿ ನಡೆಯುವವನ ವೇಗ. ಊಟ, ವಿಶ್ರಾಂತಿ, ತೊರೆ ದಾಟುವುದು ಇವೆಲ್ಲ ಸೇರಿದರೆ ಎಂಟು ಗಂಟೆ ಹಿಡಿಯುವುದು ಸಾಮಾನ್ಯ. ಚಳಿಗಾಲದಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯಾಸ್ತವಾಗುತ್ತದೆ. ನಮ್ಮ ಅಕ್ಷಾಂಶದಲ್ಲಿ ಸಂಧ್ಯೆಯ ಬೆಳಕು ಬಹಳ ಹೊತ್ತು ನಿಲ್ಲುವುದಿಲ್ಲ. ಬೆಳಗ್ಗೆ ಕಳೆದುಕೊಂಡ ಒಂದು ಗಂಟೆಯನ್ನು ಸಂಜೆ ಕಾಡಿನ ಕತ್ತಲೆಯಲ್ಲಿ ತೆರಬೇಕಾಗುತ್ತದೆ.

ಆರಂಭದಲ್ಲಿ ಓಡಬಾರದೆಂಬುದಕ್ಕೂ ಲೆಕ್ಕವುಂಟು. ಚೀಲವೂ ಸೇರಿ ೬೫ ಕಿಲೋಗ್ರಾಂ ತೂಗುವವನು ಸಾವಿರ ಮೀಟರು ಏರಿದರೆ ಅವನು ಗುರುತ್ವಾಕರ್ಷಣಕ್ಕೆ ವಿರುದ್ಧವಾಗಿ ಮಾಡಿದ ಕೆಲಸ ಸುಮಾರು ೧೫೦ ಕಿಲೋಕ್ಯಾಲೊರಿಗೆ ಸಮ. ನಮ್ಮ ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗವನ್ನು ಮಾತ್ರ ಕೆಲಸವಾಗಿ ಮಾರ್ಪಡಿಸಬಲ್ಲುವು. ಆದುದರಿಂದ ಏರಿಕೆಯೊಂದಕ್ಕೇ ೬೦೦ ಕಿಲೋಕ್ಯಾಲೊರಿ ಬೇಕು. ಅದರಲ್ಲಿ ೪೫೦ರಷ್ಟು ಬರಿಯ ಶಾಖವಾಗಿ ದೇಹದಲ್ಲಿ ಹುಟ್ಟುತ್ತದೆ. ಈ ಶಾಖವನ್ನು ಹೊರಹಾಕಲು ಮುಖ್ಯವಾಗಿ ಇರುವ ಉಪಾಯ ಬೆವರು ಆವಿಯಾಗುವುದು. ಆದರೆ ಮಲೆನಾಡಿನ ಆರ್ದ್ರವಾದ ಗಾಳಿಯಲ್ಲಿ ಬೆವರು ಆವಿಯಾಗುವುದಕ್ಕಿಂತ ತೊಟ್ಟಿಕ್ಕುವುದೇ ಹೆಚ್ಚು. ತೊಟ್ಟಿಕ್ಕಿದ ಬೆವರಿನಿಂದ ನೀರು ನಷ್ಟವಾಯಿತೇ ಹೊರತು ಮೈ ತಣಿಯಲಿಲ್ಲ. ಬಾಯಾರಿಕೆ ತೋರುವ ಮೊದಲೇ ಗುಟುಕು ಗುಟುಕಾಗಿ ನೀರು ಕುಡಿಯಿರೆಂದು ಮಾರ್ಗದರ್ಶಕರು ಹೇಳುವುದು ಇದಕ್ಕಾಗಿ. ಏದುಸಿರಿಗೆ ಎತ್ತರದ ತೆಳುಗಾಳಿಯೇ ಕಾರಣವೆಂದು ವಿದ್ಯಾರ್ಥಿಗಳು ಊಹಿಸುವುದುಂಟು, ಅದು ಸರಿಯಲ್ಲ. ಶಿಖರದ ಮೇಲೆ ವಾಯುವಿನ ಒತ್ತಡವು ಸಮುದ್ರಮಟ್ಟದ ಒತ್ತಡದ ಐದರಲ್ಲಿ ನಾಲ್ಕು ಪಾಲಿನಷ್ಟಿರುತ್ತದೆ. ಆರೋಗ್ಯವಂತನಿಗೆ ಅಷ್ಟರಿಂದ ಹೆಚ್ಚಿನ ತೊಂದರೆಯಿಲ್ಲ. ಏದುಸಿರು ಬರುವುದು ಏರಿನ ಕಡಿದಿನಿಂದ, ಅದಕ್ಕಿಂತಲೂ ಹೆಚ್ಚಾಗಿ ಆತುರದಿಂದ.

ಇನ್ನು ಹವೆಯ ವಿಷಯ. ಶಿಖರದ ಪಶ್ಚಿಮಕ್ಕೆ ಸುಮಾರು ೫೦ ಕಿಲೋಮೀಟರು ದೂರದಲ್ಲಿ ಅರಬ್ಬೀ ಸಮುದ್ರವಿದೆ. ಹಗಲೇರಿದಂತೆ ನೆಲ ಕಾದು, ಕಡಲಿನ ಗಾಳಿ ಒಳನಾಡಿಗೆ ಬೀಸತೊಡಗುತ್ತದೆ. ಘಟ್ಟದ ಇಳಿಜಾರುಗಳು ಬಿಸಿಯಾದಾಗ ಅವುಗಳಿಗೆ ತಗಲಿದ ಗಾಳಿಯೂ ಮೇಲಕ್ಕೆ ಹರಿಯುತ್ತದೆ. ಈ ಎರಡೂ ಕೂಡಿ ಕರಾವಳಿಯ ತೇವಭರಿತ ಗಾಳಿಯನ್ನು ಬೆಟ್ಟದ ಗೋಡೆಯ ಮೇಲೆ ಏರಿಸುತ್ತವೆ. ಏರಿದ ಗಾಳಿ ಹಿಗ್ಗಿ ತಣ್ಣಗಾಗಿ, ಅದರ ನೀರಾವಿ ಸಣ್ಣ ಹನಿಗಳಾಗಿ ಮೋಡ ಕಟ್ಟುತ್ತದೆ. ಬೆಳಗ್ಗೆ ನಿರ್ಮಲವಾಗಿದ್ದ ಶಿಖರವು ಮಧ್ಯಾಹ್ನದ ಹೊತ್ತಿಗೆ ಮಂಜಿನಲ್ಲಿ ಮುಳುಗುವುದಕ್ಕೆ ಇದೇ ಕಾರಣ. ಕೆಳಗಿನಿಂದ ನೋಡುವವನಿಗೆ ಅದು ಮೋಡ. ಒಳಗೆ ನಿಂತವನಿಗೆ ಹತ್ತು ಮಾರಿನ ಆಚೆ ಏನೂ ಕಾಣದ ಬೆಳ್ಳನೆಯ ಕುರುಡು. ಬೋಳು ಏಣಿನ ಮೇಲೆ ದಾರಿ ತಪ್ಪುವುದಕ್ಕೆ ಅಷ್ಟೇ ಸಾಕು. ಮುಂಗಾರಿಗೆ ಮೊದಲು ಏಪ್ರಿಲ್-ಮೇ ತಿಂಗಳುಗಳಲ್ಲಿಯೂ ಅನಂತರ ಅಕ್ಟೋಬರ್-ನವೆಂಬರುಗಳಲ್ಲಿಯೂ ಅಪರಾಹ್ನದ ಗುಡುಗುಮಳೆಯ ಭಯವಿದೆ. ಮರಗಳಿಲ್ಲದ ಹುಲ್ಲಿನ ಏಣಿನ ಮೇಲೆ ನಿಂತ ಮನುಷ್ಯನೇ ಸುತ್ತಲಿನ ಅತ್ಯುನ್ನತ ವಸ್ತುವಾಗಿರುತ್ತಾನೆ. ಸಿಡಿಲಿಗೆ ಇದಕ್ಕಿಂತ ಅನುಕೂಲವಾದ ಗುರಿ ಬೇಕಿಲ್ಲ. ಆಕಾಶ ತಿಳಿಯಾಗಿರುವಾಗಲೇ ಹಿಂದಿರುಗಿ ಎನ್ನುವ ಮಾರ್ಗದರ್ಶಕರು ಅಂಜುಬುರುಕರಲ್ಲ. ಮೋಡವು ಯಾವ ಕಣಿವೆಯಿಂದ ಮೊದಲು ಮೇಲೇರುತ್ತದೆಂಬುದನ್ನು ಅವರು ಎಳವೆಯಿಂದ ನೋಡಿ ಬಲ್ಲವರು. ಈ ಒಂದು ವಿಷಯದಲ್ಲಿ ಅಧ್ಯಾಪಕರು ವಿದ್ಯಾರ್ಥಿಗಳ ಪರವಾಗಿ ವಾದಿಸದೆ ಮಾರ್ಗದರ್ಶಕರ ಪಕ್ಷವನ್ನೇ ವಹಿಸಬೇಕೆಂದು ನಮ್ಮ ದೃಢವಾದ ಅಭಿಪ್ರಾಯ.

ಹುಲ್ಲಿನ ಮೇಲೆ ಅಡ್ಡದಾರಿ ಹಿಡಿಯಬಾರದೆಂಬ ನಿಯಮವೇ ಎಲ್ಲಕ್ಕಿಂತ ಹೆಚ್ಚು ಮುರಿಯಲ್ಪಡುವುದು. ಅದಕ್ಕೆ ಹುಲ್ಲಿನ ವಿಷಯದಲ್ಲಿ ನಮ್ಮಲ್ಲಿ ಬೇರೂರಿರುವ ತಾತ್ಸಾರವೇ ಕಾರಣವೆಂದು ತೋರುತ್ತದೆ. ಕುದುರೆಮುಖದ ಮೇಲ್ಭಾಗವೆಲ್ಲ ಅಲೆಯಲೆಯಾದ ಹುಲ್ಲುಗಾವಲು. ಅಲೆಗಳ ನಡುವಣ ಮಡಿಕೆಗಳಲ್ಲಿ ಮಾತ್ರ ಗಿಡ್ಡಮರಗಳ ದಟ್ಟವಾದ ಶೋಲಾ ಕಾಡು. ಎರಡರ ನಡುವಿನ ಗಡಿಯು ಕತ್ತಿಯಿಂದ ಕತ್ತರಿಸಿದಂತೆ ಸ್ಪಷ್ಟವಾಗಿದೆ. ಇದನ್ನು ಮೊದಲ ಸಲ ನೋಡಿದವರು ‘ಹಿಂದೆ ಇಲ್ಲೆಲ್ಲ ಕಾಡೇ ಇದ್ದಿರಬೇಕು, ಜನರು ಕಡಿದು ಸುಟ್ಟು ಬೋಳುಮಾಡಿದ್ದಾರೆ’ ಎಂದುಕೊಳ್ಳುವುದು ಸಹಜ. ಪಶ್ಚಿಮಘಟ್ಟದ ಇಂಥ ಎಷ್ಟೋ ಹುಲ್ಲುಗಾವಲುಗಳನ್ನು ಪಾಳುನೆಲವೆಂದು ಬಗೆದು ನೀಲಗಿರಿ, ಅಕೇಸಿಯಾ ಮುಂತಾದ ಹೊರನಾಡಿನ ಮರಗಳನ್ನು ನೆಟ್ಟದ್ದೂ ಈ ಊಹೆಯ ಫಲವೇ.

ಈ ಊಹೆಯನ್ನು ಅಲ್ಲಗಳೆಯುವ ಬಲವಾದ ಸಾಕ್ಷ್ಯವು ದಕ್ಷಿಣದ ನೀಲಗಿರಿ ಬೆಟ್ಟಗಳಲ್ಲಿ ದೊರೆಯಿತು. ಅಲ್ಲಿನ ಜವುಗುನೆಲದಲ್ಲಿ ಸಸ್ಯಶೇಷಗಳು ಕೊಳೆಯದೆ ಸಾವಿರಾರು ವರ್ಷಗಳಿಂದ ಪದರಪದರವಾಗಿ ಕೂಡಿಕೊಂಡಿವೆ. ಉಷ್ಣವಲಯದ ಹುಲ್ಲುಗಳೂ ಮರಗಳೂ ವಾಯುವಿನಿಂದ ಇಂಗಾಲವನ್ನು ಹೀರುವ ಕ್ರಮದಲ್ಲಿ ವ್ಯತ್ಯಾಸವಿರುವುದರಿಂದ, ಅವುಗಳ ಶೇಷಗಳಲ್ಲಿ ಇಂಗಾಲದ ಎರಡು ಐಸೊಟೋಪುಗಳ ಪ್ರಮಾಣವೂ ಬೇರೆ ಬೇರೆಯಾಗಿರುತ್ತದೆ. ಈ ಪ್ರಮಾಣವನ್ನು ಅಳೆದರೆ ಆಯಾ ಕಾಲದಲ್ಲಿ ಹುಲ್ಲು ಮೇಲುಗೈಯಾಗಿತ್ತೇ ಮರ ಮೇಲುಗೈಯಾಗಿತ್ತೇ ಎಂಬುದು ತಿಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಅವರೂ ಅವರ ಸಹೋದ್ಯೋಗಿಗಳೂ ೧೯೯೩ರಲ್ಲಿ ಪ್ರಕಟಿಸಿದ ಇಂಥ ಅಧ್ಯಯನದಿಂದ, ಕಳೆದ ೨೦ ಸಾವಿರ ವರ್ಷಗಳಲ್ಲಿ ಹವೆ ಒಣಗಿದಾಗ ಹುಲ್ಲೂ ತೇವವಾದಾಗ ಕಾಡೂ ಹಬ್ಬುತ್ತ ಬಂದಿವೆಯೆಂದು ತಿಳಿದುಬಂದಿತು. ಅಂದರೆ ಹುಲ್ಲುಗಾವಲು ಅಲ್ಲಿ ಕೊಡಲಿಗಿಂತ ಹಳೆಯದು. ನೀಲಗಿರಿಯಲ್ಲಿ ಕಂಡುದನ್ನು ಕುದುರೆಮುಖಕ್ಕೆ ಹಾಗೆಯೇ ಅನ್ವಯಿಸುವುದು ಅವಸರವಾದೀತು. ಇಲ್ಲಿ ದನ ಮೇಯಿಸುವುದೂ ಬೆಂಕಿಯೂ ಗಡಿಯನ್ನು ಅಲ್ಲಲ್ಲಿ ಹಿಂದೆಮುಂದೆ ಮಾಡಿರಬಹುದು. ಆದರೂ ಹುಲ್ಲೆಂದರೆ ಸತ್ತ ಕಾಡೆಂಬ ಭಾವನೆಯನ್ನು ಬಿಡುವುದಕ್ಕೆ ಇಷ್ಟು ಸಾಕು.

ಈ ಹುಲ್ಲಿನ ಬೇರುಗಳೇ ಇಳಿಜಾರಿನ ತೆಳುವಾದ ಮಣ್ಣನ್ನು ಹಿಡಿದು ನಿಲ್ಲಿಸಿರುವುವು. ಒಂದು ತಂಡ ಬಳಸುದಾರಿಯನ್ನು ಬಿಟ್ಟು ನೇರವಾಗಿ ಏರಿದರೆ ಹುಲ್ಲು ಸವೆದು ಒಂದು ಗೀರು ಬೀಳುತ್ತದೆ. ಮರುತಂಡ ಅದನ್ನೇ ದಾರಿಯೆಂದು ತಿಳಿಯುತ್ತದೆ. ಮುಂಗಾರಿನ ನೀರು ಅದೇ ಗೀರಿನಲ್ಲಿ ಹರಿದು ಅದನ್ನು ಕೊರಕಲನ್ನಾಗಿ ಮಾಡುತ್ತದೆ. ಇಳಿಜಾರು ಕಡಿದಾದಷ್ಟೂ ನೀರಿನ ವೇಗವೂ ಅದರ ಕೊರೆಯುವ ಶಕ್ತಿಯೂ ಹೆಚ್ಚುವುದರಿಂದಲೇ ಹಳೆಯ ಕಾಲುದಾರಿಗಳು ಅಡ್ಡಡ್ಡವಾಗಿ ಬಳಸಿ ಏರುತ್ತವೆ. ಮಳೆ ನಿಂತು ಎಷ್ಟೋ ವಾರಗಳ ಮೇಲೆ ಹೋದರೂ ದಾರಿಗೆ ಅಡ್ಡಲಾಗಿ ತೊರೆಗಳು ಹರಿಯುತ್ತಿರುತ್ತವೆ. ಹುಲ್ಲೂ ಶೋಲಾದ ಎಲೆಗೊಬ್ಬರದ ಮಣ್ಣೂ ಹಿಂಗಿಸಿಕೊಂಡ ನೀರು ಅದು.

ತೊರೆಗಳ ಸಮೀಪದ ಕಾಡಿನಲ್ಲಿ ಇಂಬಳಗಳು ಕಾಯುತ್ತಿರುವುದನ್ನೂ ಹೇಳಬೇಕು. ಅವು ಕಚ್ಚಿದ್ದು ತಿಳಿಯುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವವನ್ನು ಒಳಸೇರಿಸುವುದರಿಂದ ಗಾಯ ಬಹಳ ಹೊತ್ತು ಸೋರುತ್ತದೆ. ನೋಡಿದವರಿಗೆ ಗಾಬರಿಯಾಗುವಷ್ಟು ಅಪಾಯ ಅದರಲ್ಲಿಲ್ಲ.

ಶಿಖರವನ್ನು ಮುಟ್ಟಿದಾಗ ಕಾಣುವುದನ್ನು ಬರಿಯ ‘ರಮಣೀಯ ದೃಶ್ಯ’ವೆಂದು ಮುಗಿಸುವುದು ಭೂಗೋಳದ ವಿದ್ಯಾರ್ಥಿಗೆ ಸಲ್ಲದು. ಪೂರ್ವಕ್ಕೆ ತಿರುಗಿದರೆ ಒಂದರ ಹಿಂದೊಂದು ಬೆಟ್ಟಗಳು ಮೆಲ್ಲನೆ ತಗ್ಗುತ್ತ ಹೋಗುತ್ತವೆ. ಪಶ್ಚಿಮಕ್ಕೆ ತಿರುಗಿದರೆ ನೆಲವೇ ಇಲ್ಲವೆಂಬಂತೆ ಬೆಟ್ಟ ಕಡಿದುಬಿದ್ದಿದೆ. ಘಟ್ಟವೆಂಬುದು ಪರ್ವತಶ್ರೇಣಿ ಎನ್ನುವುದಕ್ಕಿಂತ ಪ್ರಸ್ಥಭೂಮಿಯ ಒಡೆದ ಅಂಚು ಎಂಬುದು ಇಲ್ಲಿ ಕಣ್ಣಿಗೆ ಕಟ್ಟಿದಂತೆ ತಿಳಿಯುತ್ತದೆ. ಸುಮಾರು ೮.೮ ಕೋಟಿ ವರ್ಷಗಳ ಹಿಂದೆ ಮಡಗಾಸ್ಕರವು ಭಾರತದಿಂದ ಬೇರ್ಪಟ್ಟಾಗ ಈ ಪಶ್ಚಿಮದ ಅಂಚು ರೂಪುಗೊಂಡಿತೆಂದೂ ಅಲ್ಲಿಂದಾಚೆಗೆ ನದಿಗಳ ಕೊರೆತದಿಂದ ಕಡಿದಾದ ಗೋಡೆಯು ಪೂರ್ವದ ಕಡೆಗೆ ಸರಿಯುತ್ತ ಬಂದಿತೆಂದೂ ಬಹುಮಂದಿ ಭೂವಿಜ್ಞಾನಿಗಳ ಮತ. ಈ ಅಂಚು ನೀರನ್ನು ಹೇಗೆ ಪಾಲುಮಾಡುತ್ತದೆಂಬುದಕ್ಕೆ ಸಮೀಪದ ಗಂಗಾಮೂಲವೇ ನಿದರ್ಶನ. ತುಂಗಾ, ಭದ್ರಾ, ನೇತ್ರಾವತಿಗಳು ಮೂರೂ ಅಲ್ಲಿ ಹುಟ್ಟುತ್ತವೆಂಬುದು ಪರಂಪರೆಯ ನಂಬಿಕೆ. ನೇತ್ರಾವತಿ ಮಂಗಳೂರಿನ ಬಳಿ ಅರಬ್ಬೀ ಸಮುದ್ರವನ್ನು ಸೇರಿದರೆ, ತುಂಗೆಭದ್ರೆಗಳ ನೀರು ಕೂಡಲಿಯಲ್ಲಿ ಒಂದಾಗಿ ಕೃಷ್ಣೆಯ ಮೂಲಕ ಬಂಗಾಳಕೊಲ್ಲಿಗೆ ಹೋಗುತ್ತದೆ.

೧೮೯೪ ಮೀಟರು ಎತ್ತರದಿಂದ ದಿಗಂತವು ಸುಮಾರು ೧೫೫ ಕಿಲೋಮೀಟರು ದೂರದಲ್ಲಿರುತ್ತದೆಂದು ಭೂಮಿಯ ಗೋಳಾಕಾರದಿಂದ ಲೆಕ್ಕಹಾಕಬಹುದು. ಆದುದರಿಂದ ಗಾಳಿ ಶುಭ್ರವಾಗಿರುವ ದಿನ ಕಡಲು ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಕಡಲಿನಿಂದ ಶಿಖರವೂ ಹಾಗೆಯೇ ಕಾಣುತ್ತದೆ. ಹಿಂದಿನ ನಾವಿಕರಿಗೆ ಇದು ಗುರುತಿನ ಬೆಟ್ಟವಾಗಿತ್ತು. ಕುದುರೆಯ ಮುಖವೆಂಬ ಹೆಸರಿಗೆ ಕಾರಣವಾದ ಆಕಾರವು ತೋರುವುದೂ ಪಕ್ಕದಿಂದ, ದೂರದಿಂದ. ಶಿಖರದ ಮೇಲೆ ನಿಂತು ಕುದುರೆಯೆಲ್ಲಿ ಎಂದು ಹುಡುಕುವವರಿಗೆ ಅದು ಸಿಗದು.

ಕಾಲಿನ ಕೆಳಗಿನ ಶಿಲೆಯ ಕಥೆ ಬೇರೆ. ಈ ಪ್ರದೇಶದ ಶಿಲೆಗಳು ೨೫೦ ಕೋಟಿ ವರ್ಷಗಳಿಗೂ ಹಿಂದಿನವು. ಅವುಗಳಲ್ಲಿ ಕಬ್ಬಿಣದ ಅದಿರೂ ಬೆಣಚೂ ಪಟ್ಟೆಪಟ್ಟೆಯಾಗಿ ಸೇರಿದ ಪದರಗಳಿವೆ. ೧೯೧೩ರಲ್ಲಿ ಭೂವಿಜ್ಞಾನಿ ಸಂಪತ್ ಅಯ್ಯಂಗಾರರು ಈ ಅದಿರನ್ನು ಗುರುತಿಸಿದರು. ೧೯೭೬ರಲ್ಲಿ ಗಣಿಯ ಕಂಪನಿ ಸ್ಥಾಪಿತವಾಗಿ, ಅದಿರಿನ ಪುಡಿಯನ್ನು ನೀರಿನೊಡನೆ ಕಲಸಿ ೬೭ ಕಿಲೋಮೀಟರು ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ೧೯೮೭ರಲ್ಲಿ ಸುತ್ತಲಿನ ಸುಮಾರು ೬೦೦ ಚದರ ಕಿಲೋಮೀಟರು ಪ್ರದೇಶ, ಮುಖ್ಯವಾಗಿ ಸಿಂಗಳೀಕದ ನೆಲೆಯಾಗಿ, ರಾಷ್ಟ್ರೀಯ ಉದ್ಯಾನವಾಯಿತು. ಕೊನೆಗೆ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ೨೦೦೫ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು. ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿಕೊಂಡಿರುವ ಗಣಿಯ ಹೂಳು ಆ ಕಾಲದ ಉಳಿಕೆ.

ಇಳಿಯುವುದು ಏರುವುದಕ್ಕಿಂತ ಸುಲಭವೆಂದು ಹೇಳುವವರು ಮರುದಿನ ಮೆಟ್ಟಿಲಿಳಿಯುವಾಗ ಮಾತು ಬದಲಿಸುತ್ತಾರೆ. ಇಳಿಯುವಾಗ ತೊಡೆಯ ಸ್ನಾಯುಗಳು ಬಿಗಿದುಕೊಂಡಿರುವಾಗಲೇ ಎಳೆಯಲ್ಪಡುತ್ತವೆ. ಇದರಿಂದ ಎಳೆಗಳಲ್ಲಿ ಉಂಟಾಗುವ ಅತಿಸೂಕ್ಷ್ಮವಾದ ಹಾನಿಯ ನೋವು ಒಂದೆರಡು ದಿನಗಳ ಮೇಲೆ ಹೆಚ್ಚಾಗಿ ತಾನೇ ಶಮನವಾಗುತ್ತದೆ. ಕಾಲು ಜಾರುವುದೂ ಹಿಮ್ಮಡಿ ಉಳುಕುವುದೂ ದಣಿದ ಮೇಲೆಯೇ ಹೆಚ್ಚು. ಹಿಂದಿರುಗುವಾಗ ಮಾರ್ಗದರ್ಶಕರು ತಂಡದ ಮುಂದೆ ಹೋಗದೆ ಹಿಂದೆ ಉಳಿದ ದುರ್ಬಲರ ಜೊತೆಯಲ್ಲಿ ನಡೆಯುವುದು ಇದನ್ನು ಬಲ್ಲುದರಿಂದಲೇ.

ಆ ಹೊತ್ತಿನಲ್ಲಿ ಅವರನ್ನು ಮಾತನಾಡಿಸಲು ವಿದ್ಯಾರ್ಥಿಗಳಿಗೆ ಒಳ್ಳೆಯ ಅವಕಾಶವಿದೆ. ಕಾಟಿ ದಾಟಿದ ಜಾಡು, ಕರಡಿ ಕೆದರಿದ ಹುತ್ತ, ಈ ವರ್ಷ ತೊರೆ ಯಾವಾಗ ಬತ್ತಿತು ಎಂಬ ನೆನಪು, ದಾರಿಯಲ್ಲಿ ಸಿಕ್ಕುವ ‘ಒಂಟಿಮರ’ದಂಥ ಗುರುತಿನ ಹೆಸರುಗಳು, ಇವನ್ನೆಲ್ಲ ತಾರೀಖು ಹಾಕಿ ಬರೆದಿಟ್ಟುಕೊಂಡರೆ ಮುಂದೆ ಹೋಗುವ ತಂಡಕ್ಕೆ ಹೋಲಿಸಿ ನೋಡಲು ಒದಗುತ್ತದೆ. ಹೇಳಿದವರ ಹಳ್ಳಿಯ ಹೆಸರನ್ನೂ ಅವರು ಆಡಿದ ಮಾತನ್ನು ಆಡಿದಂತೆಯೇ ಬರೆದುಕೊಳ್ಳುವುದನ್ನೂ ಮರೆಯಬಾರದು.