ಅಂತಃಪುರದಲ್ಲಿ ಗೆದ್ದವಳು

ಒಬ್ಬನ ಕೃಪೆಯನ್ನೇ ನಂಬಿ ಹಲವರು ಬಾಳಬೇಕಾದ ಮನೆಯಲ್ಲಿ ಸದ್ಗುಣವು ಎಷ್ಟು ದಿನ ನಿಂತೀತು? ಚೀನದೇಶದ ದೂರದರ್ಶನದಲ್ಲಿ ಬರುವ ಅಂತಃಪುರದ ಕಥೆಗಳು ಬಗೆಬಗೆಯಾಗಿ ಕೇಳುವ ಪ್ರಶ್ನೆಯಿದು. ಅವುಗಳಲ್ಲಿ 2011ರಲ್ಲಿ ಹೊರಬಂದ, 76 ಕಂತುಗಳುಳ್ಳ ‘ಝೆನ್ ಹುವಾನಳ ಕಥೆ’ಯು ಬಹು ಪ್ರಸಿದ್ಧವಾದುದು. ಲಿಯು ಲಿಯೆನ್‌ಝಿ ಎಂಬ ಲೇಖಕಿಯು ತಮ್ಮ ಕಾದಂಬರಿಯಲ್ಲಿ ಕಲ್ಪಿತ ರಾಜ್ಯವೊಂದರಲ್ಲಿ ನಡೆಸಿದ ಈ ಕಥೆಯನ್ನು, ನಿರ್ದೇಶಕ ಝೆಂಗ್ ಶಿಯಾವ್‌ಲುಂಗರು 1722ರಿಂದ 1735ರವರೆಗೆ ಆಳಿದ ಯುಂಗ್‌ಝೆಂಗ್ ಚಕ್ರವರ್ತಿಯ ಆಸ್ಥಾನಕ್ಕೆ ತಂದಿರಿಸಿದರು. ಚಕ್ರವರ್ತಿಯು ಇತಿಹಾಸದವನು, ಕಥೆಯು ಬಹುಮಟ್ಟಿಗೆ ಕಲ್ಪನೆ.

ಝೆನ್ ಹುವಾನಳಿಗೆ ಅರಮನೆಯ ಆಸೆಯೇ ಇರಲಿಲ್ಲ. ತಾನು ಆಯ್ಕೆಯಾಗದಿರಲೆಂದೇ ಅವಳ ಪ್ರಾರ್ಥನೆ. ಆಯ್ಕೆಯಾದ ಮೇಲೆಯೂ ಕಾಯಿಲೆಯ ನೆಪದಿಂದ ದೂರವಿದ್ದಳು. ಕಡೆಗೆ ದೊರೆಯ ಒಲವು ದೊರೆಯಿತು. ಆದರೆ ಆ ಒಲವು ತನಗಾಗಿ ಬಂದುದಲ್ಲ, ತೀರಿಹೋದ ರಾಣಿಯೊಬ್ಬಳ ಹೋಲಿಕೆಗಾಗಿ ಬಂದುದೆಂದು ತಿಳಿದ ದಿನ ಅವಳ ಹೃದಯವು ಒಡೆಯಿತು.

ಅವಳ ಪ್ರಬಲ ವೈರಿ ಹುವಾ ರಾಣಿ, ಸೇನಾಪತಿ ನಿಯೆನ್ ಗಂಗ್‌ಯಾವನ ತಂಗಿ. ಅವಳಿಗೆ ದೊರೆಯು ಪ್ರೀತಿಯಿಂದ ಕೊಟ್ಟ ಸುಗಂಧಧೂಪದಲ್ಲಿ, ಗರ್ಭ ನಿಲ್ಲದಂತೆ ಕಸ್ತೂರಿಯನ್ನು ಬೆರೆಸಲಾಗಿತ್ತು. ಆ ಮನೆತನದ ಬಲ ಬೆಳೆದೀತೆಂಬ ಭಯವೇ ಇದಕ್ಕೆ ಕಾರಣ. ಸಾಯಬೇಕೆಂದು ಆಜ್ಞೆಯಾದಾಗಲೂ ದೊರೆಯ ಪ್ರೇಮವನ್ನು ನಂಬಿ ಒಪ್ಪದಿದ್ದ ಹುವಾ ರಾಣಿಗೆ ಈ ಗುಟ್ಟನ್ನು ಹೇಳಿದವಳು ಝೆನ್ ಹುವಾನಳೇ. ಕೇಳಿದೊಡನೆ ಆಕೆ ಗೋಡೆಗೆ ತಲೆಯನ್ನು ಅಪ್ಪಳಿಸಿಕೊಂಡು ಮಡಿದಳು. ಝೆನ್ ಹುವಾನಳು ಸುಳ್ಳಾಡಲಿಲ್ಲ, ವಿಷವನ್ನಿಕ್ಕಲಿಲ್ಲ. ಸತ್ಯವನ್ನೇ ಆಯುಧವಾಗಿ ಬಳಸಿದಳು. ಅರಮನೆಯ ವಿದ್ಯೆಯು ಅವಳಿಗೆ ಕರಗತವಾದುದು ಅಂದೇ.

ಕೆಟ್ಟವರನ್ನು ಗೆಲ್ಲಲು ಅವರಿಗಿಂತ ಕೆಟ್ಟವರಾಗಬೇಕೆಂದು ಈ ಕಥೆ ಬೋಧಿಸುತ್ತದೆಯೆಂದು 2013ರಲ್ಲಿ ಚೀನದ ‘ಪೀಪಲ್ಸ್ ಡೈಲಿ’ ಪತ್ರಿಕೆಯಲ್ಲಿ ವಿಮರ್ಶಕರೊಬ್ಬರು ಆಕ್ಷೇಪಿಸಿದರು. ಆಕ್ಷೇಪಣೆಯು ಹುರುಳಿಲ್ಲದುದಲ್ಲ, ಎಳೆಯರು ಜಾಣ್ಮೆಯನ್ನು ಮಾತ್ರ ಕಂಡು ಮೆಚ್ಚಬಹುದು. ಆದರೆ ಕಥೆಯ ಕೊನೆಯನ್ನೂ ನೋಡಬೇಡವೇ? ಅವಳು ನಿಜವಾಗಿ ಪ್ರೀತಿಸಿದ ರಾಜಕುಮಾರನು, ದೊರೆಯ ಸಂಶಯಕ್ಕೆ ಬಲಿಯಾಗಿ, ಅವಳೆದುರಿನಲ್ಲಿಯೇ ವಿಷದ ಬಟ್ಟಲನ್ನು ಕುಡಿದು ಸಾಯುತ್ತಾನೆ. ದೊರೆಯೂ ಅಳಿದ ಮೇಲೆ ಅವಳು ರಾಜಮಾತೆಯಾಗುತ್ತಾಳೆ. ಎಲ್ಲರೂ ಅಡ್ಡಬೀಳುತ್ತಾರೆ, ಮನಸ್ಸನ್ನು ಬಿಚ್ಚಿ ಮಾತನಾಡಿದವರಲ್ಲಿ ಬಹುಮಂದಿ ಉಳಿದಿಲ್ಲ. ಕಣ್ಣು ಮುಚ್ಚಿದರೆ ಕಾಣುವುದು ಕಳೆದುಹೋದವರ ಮುಖಗಳೇ.

ಅಧಿಕಾರವನ್ನು ಬಯಸಿದುದೇ ಅವಳ ತಪ್ಪೆನ್ನಲಾಗದು. ತನ್ನವರನ್ನು ಉಳಿಸಿಕೊಳ್ಳಲು ಅವಳಿಗೆ ಬೇರೆ ದಾರಿಯಿರಲಿಲ್ಲ. ತಪ್ಪಿರುವುದು, ಪ್ರೀತಿಯನ್ನು ಕೂಡ ಒಬ್ಬನ ಕೈಯ ದಾನವನ್ನಾಗಿ ಮಾಡಿದ ಆ ಏರ್ಪಾಡಿನಲ್ಲಿ. ಕೊಟ್ಟ ಧೂಪವನ್ನೂ ನೀಡಿದ ಬಟ್ಟಲನ್ನೂ ಶಂಕಿಸಬೇಕಾದ ಮನೆಯು ಅರಮನೆಯಾದರೂ ಸೆರೆಮನೆಯೇ ಸರಿ.