ಹಳೇ ಬೈಕ್ ಸ್ಟಾರ್ಟ್ ಆಗದಿದ್ದರೆ: ಮೊದಲು ಪ್ಲಗ್ ನೋಡಿ, ಸಿಡಿಐ ಕೊನೆಗಿರಲಿ

ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಗಡಿ ಹಳ್ಳಿಗಳಲ್ಲಿ ಇಂದಿಗೂ ಅನೇಕ ಮನೆಗಳ ದಿನದ ಕೆಲಸ ಸಾಗುವುದು ಹಳೆಯ ಮೋಟಾರ್ ಸೈಕಲ್ ಮೇಲೆಯೇ. ಹಾಲಿನ ಕ್ಯಾನು ಹೊತ್ತಿಗೆ ಸರಿಯಾಗಿ ಡೇರಿಗೆ ಮುಟ್ಟಬೇಕು. ಸಂತೆಗೆ ಕಾಯಿಪಲ್ಲೆ ಒಯ್ಯಬೇಕು. ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ದವಾಖಾನೆಗೆ ಕರೆದೊಯ್ಯಬೇಕು. ಅಂತಹ ಗಾಡಿ ಇಪ್ಪತ್ತು ಕಿಕ್ ಹೊಡೆದರೂ ಸ್ಟಾರ್ಟ್ ಆಗದಿದ್ದರೆ ಇಡೀ ದಿನವೇ ಕೆಟ್ಟಂತೆ.

ಇಂತಹ ಹೊತ್ತಿನಲ್ಲಿ ಹಲವರು ಮಾಡುವುದು ಒಂದೇ ಕೆಲಸ. ಇವತ್ತು ಕಾಯಿಲ್, ನಾಳೆ ಸಿಡಿಐ ಎಂದು ಒಂದೊಂದೇ ಪಾರ್ಟ್ ಬದಲಿಸುತ್ತಾ ಹೋಗುವುದು. ಕೊನೆಗೆ ದೋಷ ಸಿಗುವುದು ನೀರು ಹೊಕ್ಕ ಪ್ಲಗ್ ಕ್ಯಾಪಿನಲ್ಲೋ, ಸವೆದ ವಾಯರಿನಲ್ಲೋ. ಸುಲಭದಿಂದ ಕಷ್ಟಕ್ಕೆ, ಖರ್ಚಿಲ್ಲದ್ದರಿಂದ ಖರ್ಚಿನದಕ್ಕೆ ಎಂಬ ಕ್ರಮ ಹಿಡಿದರೆ ಬಹಳಷ್ಟು ಗಾಡಿಗಳ ದೋಷವನ್ನು ಮನೆಯ ಅಂಗಳದಲ್ಲೇ ಪತ್ತೆ ಹಚ್ಚಬಹುದು.

ಗಾಡಿ ಯಾವ ಬಗೆಯದು?

ಹಳೆಯ ಗಾಡಿಗಳಲ್ಲಿ ಕಿಡಿ ಹುಟ್ಟುವ ವಿಧಾನ ಮುಖ್ಯವಾಗಿ ಎರಡು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1996ರವರೆಗೆ ಬರುತ್ತಿದ್ದ ಯೆಜ್ಡಿಗಳು ಮತ್ತು ಹಳೆಯ ಬುಲೆಟ್‌ಗಳು ಹೆಚ್ಚಾಗಿ ಪಾಯಿಂಟ್ ಇರುವ ಗಾಡಿಗಳು. ಇವುಗಳಲ್ಲಿ ಬ್ಯಾಟರಿಯ ಕರಂಟು ಕಾಯಿಲಿಗೆ ಹೋಗುತ್ತದೆ. ಪಾಯಿಂಟ್ ತೆರೆದ ಕ್ಷಣದಲ್ಲಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಬ್ಯಾಟರಿ ಪೂರ್ತಿ ಇಳಿದಿದ್ದರೆ ಕಿಡಿಯೂ ಸಿಗುವುದಿಲ್ಲ.

1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100, ಯಮಹಾ ಆರ್‌ಎಕ್ಸ್ 100 ಮತ್ತು 1994ರಲ್ಲಿ ಬಂದ ಸ್ಪ್ಲೆಂಡರ್ ಇನ್ನೊಂದು ಬಗೆಯವು. ಇವುಗಳಲ್ಲಿ ಪಾಯಿಂಟ್ ಇಲ್ಲ. ಮ್ಯಾಗ್ನೆಟ್ಟಿನ ಕಾಯಿಲ್ ಕರಂಟು ಹುಟ್ಟಿಸುತ್ತದೆ. ಸಿಡಿಐ ಎಂಬ ಚಿಕ್ಕ ಡಬ್ಬಿ ಅದನ್ನು ಕೂಡಿಟ್ಟು, ಪಿಕಪ್ ಕಾಯಿಲ್ ಸೂಚನೆ ಕೊಟ್ಟಾಗ ಬಿಡುತ್ತದೆ. ಕಿಕ್ ಮಾತ್ರ ಇರುವ ಈ ಹಳೆಯ ಮಾಡೆಲ್‌ಗಳಲ್ಲಿ ಕಿಡಿಗೆ ಬ್ಯಾಟರಿಯ ಹಂಗಿಲ್ಲ. ಆದ್ದರಿಂದ ಹಾರ್ನ್ ಹೊಡೆಯುತ್ತಿಲ್ಲ ಎಂದು ಹೊಸ ಬ್ಯಾಟರಿ ಹಾಕಿಸಿದರೆ ಸ್ಟಾರ್ಟ್ ಸಮಸ್ಯೆ ತೀರುವುದಿಲ್ಲ.

2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಗಳಲ್ಲಿ ಕಿಡಿ, ಪೆಟ್ರೋಲ್ ಎರಡನ್ನೂ ಕಂಪ್ಯೂಟರ್ ನಿಯಂತ್ರಿಸುತ್ತದೆ. ಅವಕ್ಕೆ ಇಲ್ಲಿ ಹೇಳಿರುವ ಕ್ರಮ ಸಾಲದು.

ಕಿಡಿ ನೋಡುವುದು ಹೇಗೆ?

ಮೊದಲು ಪೆಟ್ರೋಲ್ ಇದೆಯೇ, ಕಾಕ್ ತೆರೆದಿದೆಯೇ, ಪ್ಲಗ್ ಕ್ಯಾಪ್ ಗಟ್ಟಿಯಾಗಿ ಕೂತಿದೆಯೇ ನೋಡಬೇಕು. ಇಷ್ಟಾದರೂ ಗಾಡಿ ಎದ್ದೇಳದಿದ್ದರೆ ಕಿಡಿ ಪರೀಕ್ಷಿಸಬೇಕು.

ಎಂಜಿನ್ ತಣ್ಣಗಿರುವಾಗ ಪ್ಲಗ್ ಪಾನಾದಿಂದ ಪ್ಲಗ್ ಬಿಚ್ಚಬೇಕು. ಪೆಟ್ರೋಲ್ ಕಾಕ್ ಬಂದ್ ಮಾಡಬೇಕು. ಪ್ಲಗ್ಗನ್ನು ಮತ್ತೆ ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ನಿನ ಬಣ್ಣವಿಲ್ಲದ ಭಾಗಕ್ಕೆ ತಾಗುವಂತೆ ಇಡಬೇಕು. ಪ್ಲಗ್ ಬಿಚ್ಚಿದ ತೂತಿನಿಂದ ಅದು ದೂರವಿರಬೇಕು, ಏಕೆಂದರೆ ಅಲ್ಲಿಂದ ಪೆಟ್ರೋಲ್ ಹಬೆ ಹೊರಬರುತ್ತದೆ. ಚಾವಿ ಆನ್ ಮಾಡಿ ಜೋರಾಗಿ ಕಿಕ್ ಹೊಡೆದಾಗ ನೀಲಿ ಕಿಡಿ ಚಟಚಟ ಹಾರಿದರೆ ಒಳ್ಳೆಯದು. ಕೆಂಪು ಅಥವಾ ಹಳದಿ ಸಣ್ಣ ಕಿಡಿ ಬಂದರೆ ಶಕ್ತಿ ಕಡಿಮೆ ಎಂದರ್ಥ. ನೆರಳಿನಲ್ಲಿ ಅಥವಾ ಸಂಜೆ ನೋಡಿದರೆ ಕಿಡಿ ಚೆನ್ನಾಗಿ ಕಾಣುತ್ತದೆ.

ಇಲ್ಲಿ ಮೂರು ಎಚ್ಚರಿಕೆ ಅಗತ್ಯ. ಪ್ಲಗ್ಗನ್ನಾಗಲಿ ಅದರ ವಾಯರನ್ನಾಗಲಿ ಬರಿಗೈಯಲ್ಲಿ ಹಿಡಿಯಬಾರದು, ಅದರಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ವಾಯರನ್ನು ಗಾಳಿಯಲ್ಲಿ ತೂಗಬಿಟ್ಟು ಕಿಕ್ ಹೊಡೆಯಬಾರದು, ಕಾಯಿಲ್ ಮತ್ತು ಸಿಡಿಐ ಎರಡೂ ಕೆಡಬಹುದು. ಪೆಟ್ರೋಲ್ ಸೋರುತ್ತಿದ್ದರೆ ಅಥವಾ ಹತ್ತಿರ ಯಾರಾದರೂ ಬೀಡಿ ಸೇದುತ್ತಿದ್ದರೆ ಈ ಪರೀಕ್ಷೆ ಬೇಡವೇ ಬೇಡ.

ಪ್ಲಗ್ಗಿನ ಬಣ್ಣ ಏನು ಹೇಳುತ್ತದೆ?

ಪ್ಲಗ್ ತುದಿ ತೆಳು ಕಂದು ಬಣ್ಣಕ್ಕಿದ್ದರೆ ಎಂಜಿನ್ ಸರಿಯಾಗಿ ಉರಿಯುತ್ತಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಚೋಕ್ ಎಳೆದೇ ಉಳಿದಿದೆಯೇ, ಏರ್ ಫಿಲ್ಟರ್ ಕಟ್ಟಿದೆಯೇ ನೋಡಬೇಕು. ಎಣ್ಣೆ ಜಿಡ್ಡಿನ ಕಪ್ಪು ಇದ್ದರೆ ಸ್ಪ್ಲೆಂಡರಿನಂತಹ ಫೋರ್ ಸ್ಟ್ರೋಕ್ ಗಾಡಿಯಲ್ಲಿ ರಿಂಗ್ ಸವೆದಿರಬಹುದು. ಟೂ ಸ್ಟ್ರೋಕ್ ಗಾಡಿಯಲ್ಲಿ ಆಯಿಲ್ ಹೆಚ್ಚಾಗಿರಬಹುದು. ಬಿಳಿಚಿಕೊಂಡಿದ್ದರೆ ಎಂಜಿನ್ ಮಿತಿಮೀರಿ ಬಿಸಿಯಾಗುತ್ತಿದೆ.

ಪ್ಲಗ್ಗಿನ ಎರಡು ತುದಿಗಳ ನಡುವೆ ಮಸಿಯ ಚೂರು ಸಿಕ್ಕಿಕೊಂಡರೆ ಕಿಡಿ ಹಾರುವುದಿಲ್ಲ. "ಪ್ಲಗ್‌ದಾಗ ಕಚರಾ ಬಂದದ" ಎಂದು ಮಿಸ್ತ್ರಿಗಳು ಹೇಳುವುದು ಇದಕ್ಕೇ. ತಂತಿ ಬ್ರಷ್ಷಿನಿಂದ ತಿಕ್ಕಿ, ಪೆಟ್ರೋಲಿನಲ್ಲಿ ತೊಳೆದು, ಪೂರ್ತಿ ಒಣಗಿಸಬೇಕು. ಸ್ಪ್ಲೆಂಡರ್, ಆರ್‌ಎಕ್ಸ್ 100 ಗಾಡಿಗಳ ಪ್ಲಗ್ ಗ್ಯಾಪ್ 0.6ರಿಂದ 0.7 ಮಿ.ಮೀ. ಇರಬೇಕು. ಗೇಜ್ ಇಲ್ಲದಿದ್ದರೆ ಕಬ್ಬಿಣ ಕೊಯ್ಯುವ ಕೈಗರಗಸದ ಬ್ಲೇಡಿನ ಹಲ್ಲಿಲ್ಲದ ಅಂಚು ಸಾಕು, ಅದರ ದಪ್ಪ ಸುಮಾರು ಇಷ್ಟೇ ಇರುತ್ತದೆ. ತಿರುಗಿ ಹಾಕುವಾಗ ಮೊದಲು ಕೈಯಿಂದಲೇ ತಿರುಗಿಸಬೇಕು. ಪಾನಾ ಹಾಕಿ ಒಮ್ಮೆಲೇ ಬಿಗಿದರೆ ಅಲ್ಯೂಮಿನಿಯಂ ಹೆಡ್ಡಿನ ಆಟೆ ಹಾಳಾಗಿ, ಸಣ್ಣ ಕೆಲಸ ದೊಡ್ಡ ಖರ್ಚಾಗುತ್ತದೆ.

ಕ್ಯಾಪ್, ವಾಯರ್, ಚಾವಿ

ಹೊಸ ಪ್ಲಗ್ ಹಾಕಿದರೂ ಕಿಡಿ ಇಲ್ಲವೆಂದರೆ ಕ್ಯಾಪ್ ನೋಡಬೇಕು. ಮಳೆಯಲ್ಲಿ ನಿಂತ ಅಥವಾ ನೀರು ಹೊಡೆದು ತೊಳೆದ ಗಾಡಿ ಎದ್ದೇಳದಿರಲು ಬಹಳ ಸಲ ಕ್ಯಾಪಿನೊಳಗಿನ ನೀರೇ ಕಾರಣ. ಒಣ ಬಟ್ಟೆಯಿಂದ ಒರೆಸಿದರೆ ಸಾಕು. ವಾಯರಿನ ತುದಿ ಹಸಿರುಗಟ್ಟಿದ್ದು, ವಾಯರ್ ಸ್ವಲ್ಪ ಉದ್ದ ಮಿಕ್ಕಿದ್ದರೆ, ಅರ್ಧ ಸೆಂಟಿಮೀಟರ್ ಕತ್ತರಿಸಿ ಕ್ಯಾಪನ್ನು ಮತ್ತೆ ತಿರುಗಿಸಿ ಕೂಡಿಸಬಹುದು. ಕತ್ತಲಲ್ಲಿ ಎಂಜಿನ್ ಓಡುವಾಗ ವಾಯರ್ ಮೇಲೆ ನೀಲಿ ಮಿಂಚು ಕಂಡರೆ ಅದರ ರಬ್ಬರ್ ಸೀಳಿದೆ ಎಂದರ್ಥ.

ಹಳೆಯ ಸ್ಪ್ಲೆಂಡರ್, ಸಿಡಿ 100 ಗಾಡಿಗಳಲ್ಲಿ ಇನ್ನೊಂದು ಗುಟ್ಟಿದೆ. ಇಲ್ಲಿ ಚಾವಿ ಆಫ್ ಮಾಡಿದರೆ ಕರಂಟು ಕಡಿಯುವುದಿಲ್ಲ, ಬದಲಿಗೆ ಸಿಡಿಐಯ ಒಂದು ವಾಯರ್ ಬಾಡಿಗೆ ತಾಗುತ್ತದೆ. ಅದರಿಂದ ಕಿಡಿ ನಿಲ್ಲುತ್ತದೆ. ಇದು ಬಿಳಿ ಗೆರೆಯಿರುವ ಕಪ್ಪು ವಾಯರ್. ಹ್ಯಾಂಡಲ್ ಬಳಿ ಇದು ಸವೆದು ಬಾಡಿಗೆ ತಾಗಿದರೆ, ಅಥವಾ ಚಾವಿ ಲಾಕಿನೊಳಗೆ ನೀರು ಹೊಕ್ಕರೆ, ಚಾವಿ ಆನ್ ಇದ್ದರೂ ಗಾಡಿ ಆಫ್ ಇದ್ದಂತೆಯೇ ವರ್ತಿಸುತ್ತದೆ. ಪರೀಕ್ಷೆಗೆ ಆ ವಾಯರಿನ ಜೋಡಣೆಯನ್ನು ಬಿಚ್ಚಿ ಕಿಡಿ ನೋಡಬೇಕು. ಕಿಡಿ ಬಂದರೆ ಸಿಡಿಐ ಚೆನ್ನಾಗಿದೆ, ದೋಷ ಲಾಕ್ ಅಥವಾ ವಾಯರಿನದು. ಆದರೆ ಹಾಗೇ ಬಿಟ್ಟು ಗಾಡಿ ಓಡಿಸಬಾರದು. ಚಾವಿಯಿಂದ ಎಂಜಿನ್ ಬಂದ್ ಆಗುವುದಿಲ್ಲ, ಕಳ್ಳರಿಗೂ ಚಾವಿ ಬೇಕಾಗುವುದಿಲ್ಲ.

ಪಾಯಿಂಟ್ ಇರುವ ಗಾಡಿಗೆ

ಬುಲೆಟ್ ಇದ್ದವರಿಗೆ ಆಮ್ಮೀಟರ್ ಒಳ್ಳೆಯ ಸಾಕ್ಷಿ. ಚಾವಿ ಆನ್ ಮಾಡಿ ಕಿಕ್ಕನ್ನು ನಿಧಾನವಾಗಿ ಒತ್ತಿದಾಗ ಮುಳ್ಳು ಒಮ್ಮೆ ಡಿಸ್ಚಾರ್ಜ್ ಕಡೆಗೆ ವಾಲಿ ಮತ್ತೆ ನಡುವಿಗೆ ಬರಬೇಕು. ಮುಳ್ಳು ಅಲುಗದಿದ್ದರೆ ಬ್ಯಾಟರಿ, ಫ್ಯೂಸ್ ಮತ್ತು ಪಾಯಿಂಟ್ ನೋಡಬೇಕು. ಪಾಯಿಂಟ್ ಪೂರ್ತಿ ತೆರೆದಾಗ ಬುಲೆಟ್ಟಿನಲ್ಲಿ ಗ್ಯಾಪ್ 0.35ರಿಂದ 0.40 ಮಿ.ಮೀ. ಇರಬೇಕು. ಅಲ್ಲಿ ಎಣ್ಣೆ ಅಥವಾ ಕಪ್ಪು ಕಲೆ ಇದ್ದರೆ ನಯವಾದ ಪಾಲಿಶ್ ಪೇಪರಿನಿಂದ ಒಮ್ಮೆ ಎಳೆದು, ಪೆಟ್ರೋಲ್ ಹಚ್ಚಿದ ಬಟ್ಟೆಯಿಂದ ಒರೆಸಬೇಕು. ಪಾಯಿಂಟಿನಲ್ಲೇ ದೊಡ್ಡ ಕಿಡಿ ಹಾರುತ್ತಿದ್ದರೆ, ಅದು ಬೇಗ ಬೇಗ ಸುಡುತ್ತಿದ್ದರೆ ಕಂಡೆನ್ಸರ್ ಕೆಟ್ಟಿರುವ ಸಂಭವ ಹೆಚ್ಚು.

ಬಿಸಿಯಾದ ಮೇಲೆ ನಿಲ್ಲುವ ಗಾಡಿ

ಬೆಳಿಗ್ಗೆ ಒಂದೇ ಕಿಕ್ಕಿಗೆ ಏಳುವ ಗಾಡಿ ಕೆಲವು ಕಿಲೋಮೀಟರ್ ಹೋದ ಮೇಲೆ ನಿಂತು, ತಣ್ಣಗಾದ ನಂತರ ಮತ್ತೆ ಹೊರಡುವುದುಂಟು. ಕಾಯಿಲ್, ಪಿಕಪ್ ಕಾಯಿಲ್ ಅಥವಾ ಸಿಡಿಐ ಬಿಸಿಗೆ ಕೈಕೊಡುತ್ತಿರಬಹುದು. ಆದರೆ ಟ್ಯಾಂಕ್ ಮುಚ್ಚಳದ ಗಾಳಿ ತೂತು ಕಟ್ಟಿ, ಪೆಟ್ರೋಲ್ ಇಳಿಯದಿದ್ದರೂ ಗಾಡಿ ಹೀಗೆಯೇ ಮಾಡುತ್ತದೆ. ಎರಡನ್ನೂ ಬೇರ್ಪಡಿಸಲು ಉಪಾಯ ಸರಳ. ಗಾಡಿ ನಿಂತ ಕೂಡಲೇ ಟ್ಯಾಂಕ್ ಮುಚ್ಚಳ ತೆರೆಯಬೇಕು. "ಫುಸ್" ಎಂದು ಗಾಳಿ ಒಳಗೆಳೆದು, ಸ್ವಲ್ಪ ಹೊತ್ತಿನಲ್ಲೇ ಗಾಡಿ ಸ್ಟಾರ್ಟ್ ಆದರೆ ದೋಷ ಮುಚ್ಚಳದ್ದು. ಇಲ್ಲವಾದರೆ ಮುಚ್ಚಳ ಭದ್ರವಾಗಿ ಹಾಕಿ, ಕೈ ಸುಡದಂತೆ ಎಚ್ಚರವಹಿಸಿ ಕಿಡಿ ನೋಡಬೇಕು. ತಣ್ಣಗಾದ ಮೇಲೆ ನೋಡಿದರೆ ಕಿಡಿ ಬಂದೇ ಬರುತ್ತದೆ, ಏನೂ ಗೊತ್ತಾಗುವುದಿಲ್ಲ.

ಸಿಡಿಐ ಯಾವಾಗ ಬದಲಿಸಬೇಕು?

ಮಲ್ಟಿಮೀಟರ್ ಇದ್ದರೆ ಕಾಯಿಲ್‌ಗಳ ತಂತಿ ಒಳಗೆ ತುಂಡಾಗಿದೆಯೇ ಎಂದು ತಿಳಿಯಬಹುದು. ಸಿಡಿಐ ಡಬ್ಬಿಯನ್ನು ಮಾತ್ರ ಸಾಮಾನ್ಯ ಮೀಟರಿನಿಂದ ಖಚಿತವಾಗಿ ಪರೀಕ್ಷಿಸಲಾಗದು. ಇದಕ್ಕೆ ಹಳ್ಳಿಯಲ್ಲೇ ಸಿಗುವ ದಾರಿಯೆಂದರೆ, ಅದೇ ಮಾಡೆಲ್ಲಿನ ಚೆನ್ನಾಗಿ ಓಡುವ ಗಾಡಿಯ ಸಿಡಿಐಯನ್ನು ಐದು ನಿಮಿಷಕ್ಕೆ ಕೇಳಿ ಪಡೆದು ಹಾಕಿ ನೋಡುವುದು. ಕಿಡಿ ಬಂದರೆ ಮಾತ್ರ ಹೊಸದು ಕೊಳ್ಳಬೇಕು. ಬರದಿದ್ದರೆ ದೋಷ ಮ್ಯಾಗ್ನೆಟ್ ಅಥವಾ ಕಾಯಿಲ್ ಕಡೆಗಿದೆ. ಮ್ಯಾಗ್ನೆಟ್ ಬಿಚ್ಚಲು ಪುಲ್ಲರ್ ಬೇಕು, ಅದು ಮಿಸ್ತ್ರಿಯ ಕೆಲಸ.

ಗ್ಯಾರೇಜಿಗೆ ಹೋಗಲೇಬೇಕಾದರೂ ಈ ತಪಾಸಣೆ ವ್ಯರ್ಥವಲ್ಲ. "ಗಾಡಿ ಸ್ಟಾರ್ಟ್ ಆಗುತ್ತಿಲ್ಲ" ಎನ್ನುವ ಬದಲು "ಹೊಸ ಪ್ಲಗ್ಗಿನಲ್ಲೂ ಕಿಡಿ ಇಲ್ಲ, ಚಾವಿ ವಾಯರ್ ಬಿಚ್ಚಿ ನೋಡಿದ್ದಾಗಿದೆ" ಎಂದು ಹೇಳಿದರೆ ಮಿಸ್ತ್ರಿಯ ಅರ್ಧ ಕೆಲಸ ಮುಗಿದಂತೆ. ಬದಲಿಸಿದ ಹಳೆಯ ಪಾರ್ಟ್ ಕೇಳಿ ಪಡೆಯುವುದೂ ಒಳ್ಳೆಯ ರೂಢಿ. ಗಾಡಿಯ ಸೈಡ್ ಬಾಕ್ಸಿನಲ್ಲಿ ಒಂದು ಪ್ಲಗ್ ಪಾನಾ, ಗ್ಯಾಪ್ ನೋಡಿಟ್ಟ ಒಂದು ಪ್ಲಗ್ ಮತ್ತು ಒಣ ಬಟ್ಟೆ ಇರಲಿ. ಸ್ಪ್ಲೆಂಡರ್ ಪ್ಲಗ್ ಸಣ್ಣದು, ಬುಲೆಟ್ ಪ್ಲಗ್ ದಪ್ಪ. ಪಾನಾ ಕೊಳ್ಳುವಾಗ ಗಾಡಿಯ ಹೆಸರು ಹೇಳಿಯೇ ಕೊಳ್ಳಬೇಕು.