ಜೀಪಿನ ಬುಷ್ ಮತ್ತು ನಾನು ಮಾಡಿದ ತಪ್ಪು

ನಮ್ಮೂರು ತಿರ್ಲಾಪುರ. ನವಲಗುಂದ ತಾಲೂಕಿನ ಎರಿ ಭೂಮಿ ನಿಮಗೆಲ್ಲ ಗೊತ್ತೇ ಇದೆ. ಬೇಸಿಗೆಯಲ್ಲಿ ಕಾಲು ಸಿಕ್ಕುವಂಥ ಬಿರುಕು, ಮಳೆ ಬಿದ್ದರೆ ಚಪ್ಪಲಿಯನ್ನೇ ಕಿತ್ತುಕೊಳ್ಳುವ ಕೆಸರು. ಇಂಥ ದಾರಿಯಲ್ಲಿ ಹೊಲಕ್ಕೆ ಹೋಗಿಬರಲು ನಮ್ಮ ಮನೆಯಲ್ಲಿ ಒಂದು ಹಳೆಯ ಜೀಪ್ ಇದೆ. ಅಬ್ಬಾ ಅದರಲ್ಲಿ ಬೀಜ, ಗೊಬ್ಬರ ಸಾಗಿಸುತ್ತಾರೆ. ಹೆಸರು ಬಿಡಿಸುವ ದಿನಗಳಲ್ಲಿ ಕೆಲಸಕ್ಕೆ ಬರುವ ಹೆಣ್ಣುಮಕ್ಕಳೂ ಅದರಲ್ಲೇ ಬರುತ್ತಾರೆ.

ಆ ಜೀಪಿನ ಒಂದು ಹರಿದ ಬುಷ್ಷನ್ನು ನಾನು ಕಾಲೇಜಿಗೆ ತಂದಿದ್ದೆ. ಅದನ್ನು ನೋಡಿದ ನಮ್ಮ ಭೌತಶಾಸ್ತ್ರದ ಸರ್, "ಇದರ ಬಗ್ಗೆ ಬರಿ, ಎಲ್ಲರಿಗೂ ಉಪಯೋಗ ಆಗ್ತದ" ಎಂದರು. ಅದು ಹರಿದದ್ದು ನನ್ನ ತಪ್ಪಿನಿಂದ. ಅದನ್ನೂ ಬರೆಯುತ್ತೇನೆ.

ಬುಷ್ ಎಂದರೇನು?

ಜೀಪಿನ ಚಾಸಿ ಮತ್ತು ಎಕ್ಸೆಲ್ ನಡುವೆ ಪಾಟಾ ಇರುತ್ತದೆ. ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳೇ ಪಾಟಾ. ಗಾಲಿ ಗುಂಡಿಗೆ ಬಿದ್ದಾಗ ಪಾಟಾ ಬಾಗಿ ಹೊಡೆತವನ್ನು ತಾಳಿಕೊಳ್ಳುತ್ತದೆ. ಭಾರ ಬಿದ್ದು ಪಾಟಾ ಚಪ್ಪಟೆಯಾದಾಗ ಅದರ ಎರಡು ತುದಿಗಳ ನಡುವಿನ ಅಂತರ ಹೆಚ್ಚುತ್ತದೆ. ಎರಡೂ ತುದಿ ಗಟ್ಟಿಯಾಗಿ ಕಟ್ಟಿದ್ದರೆ ಅದು ಬಾಗಲಾರದು. ಆದ್ದರಿಂದ ಒಂದು ತುದಿಯನ್ನು ಚಾಸಿಗೆ ನೇರವಾಗಿ ಪಿನ್ ಹಾಕಿ ಜೋಡಿಸುತ್ತಾರೆ. ಇನ್ನೊಂದು ತುದಿಗೆ ಶಕಲ್ ಎಂಬ ತೂಗುವ ಕೊಂಡಿ ಇರುತ್ತದೆ.

ಹೀಗೆ ಒಂದು ಪಾಟಾಕ್ಕೆ ತಿರುಗುವ ಜಾಗ ಮೂರು: ನೇರ ತುದಿಯಲ್ಲಿ ಒಂದು, ಶಕಲ್‌ನ ಕೆಳಗೆ ಒಂದು, ಮೇಲೆ ಒಂದು. ನಮ್ಮ ಜೀಪಿಗೆ ನಾಲ್ಕು ಪಾಟಾ, ಅಂದರೆ 12 ಜಾಗ. ಪ್ರತಿ ಜಾಗದಲ್ಲೂ ಒಂದು ಬುಷ್. ಅದರ ಹೊರಗೊಂದು ಉಕ್ಕಿನ ಕೊಳವೆ, ಒಳಗೊಂದು ಸಣ್ಣ ಕೊಳವೆ, ನಡುವೆ ಎರಡಕ್ಕೂ ಅಂಟಿದ ರಬ್ಬರ್. ಬೋಲ್ಟ್ ಬಿಗಿ ಮಾಡಿದ ಮೇಲೆ ಒಳಗಿನ ಕೊಳವೆ ತಿರುಗುವುದಿಲ್ಲ. ಪಾಟಾ ಆಡಿದಾಗ ನಡುವಿನ ರಬ್ಬರ್ ಮಾತ್ರ ತಿರುಚಿಕೊಂಡು ಮತ್ತೆ ಮೊದಲಿನಂತಾಗುತ್ತದೆ. ಪಿಯುಸಿಯಲ್ಲಿ ಓದುವ ಸ್ಥಿತಿಸ್ಥಾಪಕತ್ವ ಇಲ್ಲಿ ಕೈಗೆ ಸಿಗುತ್ತದೆ.

ಹಸಿ ರಬ್ಬರಿನಿಂದ ಈ ಕೆಲಸ ಆಗುವುದಿಲ್ಲ. ರಬ್ಬರನ್ನು ಗಂಧಕದೊಂದಿಗೆ ಕಾಯಿಸಿ ಗಟ್ಟಿ ಮಾಡುವ ವಿಧಾನವನ್ನು 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡರು. ಗಂಧಕವು ರಬ್ಬರಿನ ಉದ್ದನೆಯ ಅಣುಸರಪಳಿಗಳ ನಡುವೆ ಅಡ್ಡ ಬೆಸುಗೆಯಂತೆ ಕೂಡುತ್ತದೆ. ಅದರಿಂದಲೇ ರಬ್ಬರ್ ಎಳೆದರೂ ತಿರುಚಿದರೂ ಹಿಂದಿನ ಆಕಾರಕ್ಕೆ ಬರುತ್ತದೆ.

ನನ್ನ ತಪ್ಪು

ಜನವರಿಯಲ್ಲಿ ಜೀಪು ಉಬ್ಬಿನ ಮೇಲೆ ಹೋದಾಗಲೆಲ್ಲ ಟಕ್ ಟಕ್ ಸದ್ದು ಮಾಡುತ್ತಿತ್ತು. ಹಾರೆ ಹಾಕಿ ಮೀಟಿ ನೋಡಿದರೆ ಪಾಟಾದ ಕಣ್ಣು ಪಿನ್ನಿನ ಸುತ್ತ ಅಲುಗಾಡುತ್ತಿತ್ತು. "ಮಿಸ್ತ್ರಿ ಕಡೆ ಒಯ್ಯೂಣು" ಎಂದರು ಅಬ್ಬಾ. "ಬ್ಯಾಡ ಅಬ್ಬಾ, ನಾನ ಮಾಡ್ತೀನಿ" ಎಂದೆ. ಗ್ಯಾರೇಜಿನಲ್ಲಿ ಎರಡು ಸಲ ನೋಡಿದ್ದೆ, ಅಷ್ಟೇ ಧೈರ್ಯ.

ಚಾಸಿಗೆ ಜಾಕ್ ಹಾಕಿ ಎತ್ತಿದೆ. ಮುಂದಿನ ಎಡಗಡೆಯ ಪಾಟಾದ ಮೂರೂ ಬುಷ್ ಬದಲಿಸಿದೆ. ಗಾಲಿ ಗಾಳಿಯಲ್ಲಿ ತೂಗುತ್ತಿರುವಾಗಲೇ ಪಾನಾ ಹಾಕಿ ಬೋಲ್ಟುಗಳನ್ನು ಗಟ್ಟಿಯಾಗಿ ಬಿಗಿದು, ಆಮೇಲೆ ಜೀಪು ಇಳಿಸಿದೆ. ಸದ್ದು ನಿಂತಿತು. ಅಬ್ಬಾ ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು.

ಆಗಸ್ಟ್‌ನಲ್ಲಿ ಹೆಸರು ಬಿಡಿಸುವ ಕೆಲಸ ನಡೆದಿತ್ತು. ಹಿಂದೆ ಆರು ಮಂದಿ ಹೆಣ್ಣುಮಕ್ಕಳು, ಮುಂದೆ ಅಬ್ಬಾ ಮತ್ತು ನಾನು. ಕಾಲುವೆ ದಂಡೆಯ ಮೇಲೆ ಒಂದು ಎಮ್ಮೆ ಅಡ್ಡ ಬಂತು. ಅಬ್ಬಾ ಬ್ರೇಕ್ ಹಾಕಿದ ಕೂಡಲೇ ಜೀಪು ಎಡಕ್ಕೆ, ಕಾಲುವೆ ಕಡೆಗೆ ಎಳೆಯಿತು. ಸ್ಟೇರಿಂಗ್ ಬಲಕ್ಕೆ ತಿರುಗಿಸಿ ಹೇಗೋ ನಿಲ್ಲಿಸಿದರು. ಇಳಿದು ನೋಡಿದರೆ ಎಡಗಾಲಿಗೂ ದಂಡೆಯ ಅಂಚಿಗೂ ಒಂದು ಗೇಣು ಅಂತರ. ಯಾರೂ ಮಾತಾಡಲಿಲ್ಲ. ಹಿರಿಯವರೊಬ್ಬರು, "ದೇವ್ರು ದೊಡ್ಡಾವ ಬಿಡ್ರೀ ಸಾಹೇಬ್ರ" ಎಂದು ಕುಡಿಯಲು ನೀರು ಕೊಟ್ಟರು.

ಮರುದಿನ ಮಿಸ್ತ್ರಿ ಚಾಚಾ ಬುಷ್ ತೆಗೆದು ಕೈಯಲ್ಲಿ ಹಿಡಿದು ನೋಡಿದರು. ರಬ್ಬರ್ ಒಳಗೊಳವೆಯಿಂದ ಸುತ್ತಲೂ ಹರಿದು ಬಿಟ್ಟಿತ್ತು. "ಇದನ್ನ ಜಾಕ್ ಮ್ಯಾಲ ಇಟ್ಟು ಬಿಗಿ ಮಾಡಿದವ್ರು ಯಾರ?" ಎಂದು ಕೇಳಿದರು. ಅಬ್ಬಾ ನನ್ನ ಮುಖ ನೋಡಿದರು. ಒಂದು ಕ್ಷಣ ಸುಮ್ಮನಿರಬಹುದು ಎನಿಸಿತು. ಆಮೇಲೆ, "ನಾನ ಚಾಚಾ" ಎಂದೆ.

ಯಾಕೆ ಹರಿಯಿತು?

ಬೋಲ್ಟ್ ಬಿಗಿಯಾದ ಕ್ಷಣದಲ್ಲಿ ಪಾಟಾ ಯಾವ ಭಂಗಿಯಲ್ಲಿರುತ್ತದೋ ಅದೇ ರಬ್ಬರಿನ ವಿಶ್ರಾಂತ ಸ್ಥಿತಿ. ನಾನು ಬಿಗಿದಾಗ ಪಾಟಾದ ಮೇಲೆ ಜೀಪಿನ ಭಾರ ಇರಲಿಲ್ಲ, ಅದು ಪೂರ್ತಿ ಬಾಗಿತ್ತು. ಜೀಪು ಇಳಿಸಿದಾಗ ಪಾಟಾ ಚಪ್ಪಟೆಯಾಗಿ ಅದರ ಕಣ್ಣು ತಿರುಗಿತು. ಒಳಗೊಳವೆ ಮಾತ್ರ ಅಲ್ಲೇ ನಿಂತಿತು. ಅಂದಿನಿಂದ ಜೀಪು ಮನೆ ಮುಂದೆ ಸುಮ್ಮನೆ ನಿಂತಾಗಲೂ ರಬ್ಬರ್ ತಿರುಚಿಕೊಂಡೇ ಇತ್ತು. ಭಾರ ಹೇರಿದಾಗ, ಗುಂಡಿಗೆ ಬಿದ್ದಾಗ ಇನ್ನಷ್ಟು ತಿರುಚುತ್ತಿತ್ತು. ಏಳು ತಿಂಗಳಲ್ಲಿ ಹರಿಯಿತು.

ಎಡಕ್ಕೆ ಎಳೆದದ್ದಕ್ಕೂ ಇದೇ ಕಾರಣ. ಬ್ರೇಕ್ ಹಾಕಿದಾಗ ನೆಲವು ಗಾಲಿಯನ್ನು ಹಿಂದಕ್ಕೆ ತಳ್ಳುತ್ತದೆ. ಎಕ್ಸೆಲನ್ನು ತನ್ನ ಜಾಗದಲ್ಲಿ ಹಿಡಿಯುವುದು ಪಾಟಾದ ನೇರ ತುದಿ. ಎಡಗಡೆ ಅಲ್ಲಿನ ಬುಷ್ ಹರಿದಿದ್ದರಿಂದ ಎಕ್ಸೆಲಿನ ಎಡತುದಿ ಹಿಂದೆ ಸರಿಯಿತು, ಗಾಲಿಗಳು ಎಡಕ್ಕೆ ಮುಖ ಮಾಡಿದವು.

ಸರಿಯಾದ ಕ್ರಮ

1. ಸಮತಟ್ಟಾದ ಗಟ್ಟಿ ನೆಲ ಬೇಕು. ಎರಿ ಮಣ್ಣಿನ ಮೇಲೆ ಜಾಕ್ ಹೂತುಹೋಗುತ್ತದೆ. ಹ್ಯಾಂಡ್ ಬ್ರೇಕ್ ಹಾಕಿ, ನೆಲದಲ್ಲಿರುವ ಗಾಲಿಗಳಿಗೆ ಕಲ್ಲು ಕೊಡಬೇಕು.

2. ಜೀಪು ಎತ್ತಿದ ಮೇಲೆ ಚಾಸಿಯ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡಬೇಕು. ಬರೀ ಜಾಕ್ ನಂಬಿ ಯಾರೂ ಕೆಳಗೆ ಹೋಗಬಾರದು. ಎಕ್ಸೆಲಿಗೆ ಬೇರೆ ಜಾಕ್ ಕೊಟ್ಟು ಪಾಟಾದ ಮೇಲಿನ ಒತ್ತಡ ಇಳಿಸಬೇಕು.

3. ಹಳೆಯ ಬುಷ್ಷನ್ನು ಉದ್ದ ಬೋಲ್ಟ್, ಅಗಲ ವಾಶರ್ ಮತ್ತು ಒಂದು ತುಂಡು ಪೈಪ್ ಬಳಸಿ ಎಳೆದು ತೆಗೆಯಬೇಕು. ಬೆಂಕಿ ಹಚ್ಚಿ ರಬ್ಬರ್ ಸುಡುವುದು ಕೆಟ್ಟ ರೂಢಿ. ಹೊಗೆ ವಿಷ, ಪಾಟಾದ ಹದವೂ ಹೋಗುತ್ತದೆ.

4. ಕಣ್ಣಿನೊಳಗಿನ ತುಕ್ಕನ್ನು ಪಾಲಿಶ್ ಕಾಗದದಿಂದ ತಿಕ್ಕಿ ತೆಗೆದು, ಹೊಸ ಬುಷ್ಷನ್ನು ಸೋಪಿನ ನೀರು ಹಚ್ಚಿ ಒತ್ತಬೇಕು. ಎಣ್ಣೆ, ಗ್ರೀಸ್ ಬೇಡ. ರಬ್ಬರೂ ಪೆಟ್ರೋಲಿಯಂ ಎಣ್ಣೆಯೂ ಹೈಡ್ರೋಕಾರ್ಬನ್‌ಗಳೇ. ಎಣ್ಣೆ ರಬ್ಬರಿನೊಳಗೆ ಇಳಿದು ಅದನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಸದ್ದು ಬರುವ ಬುಷ್‌ಗೆ ಎಣ್ಣೆ ಬಿಟ್ಟರೆ ನಾಲ್ಕು ದಿನ ಸದ್ದು ನಿಲ್ಲುತ್ತದೆ, ಬುಷ್ ಬೇಗ ಸಾಯುತ್ತದೆ.

5. ಬೋಲ್ಟುಗಳನ್ನು ಕೈಯಿಂದ ಕೂಡಿಸಿ, ನಟ್ಟು ಹೊರಬೀಳದಷ್ಟು ಮಾತ್ರ ತಿರುಗಿಸಬೇಕು.

6. ಜೀಪನ್ನು ಗಾಲಿಗಳ ಮೇಲೆ ಇಳಿಸಿ, ನಾಲ್ಕೈದು ಸಲ ಒತ್ತಿ ಕುಣಿಸಿ, ಅದು ತನ್ನ ಭಾರದಲ್ಲಿ ಕುಳಿತ ಮೇಲೆಯೇ ಬೋಲ್ಟ್ ಬಿಗಿ ಮಾಡಬೇಕು. ನಾನು ತಪ್ಪಿದ್ದು ಇಲ್ಲಿ. ಕೆಲವು ದಿನ ಓಡಿಸಿದ ಮೇಲೆ ಬಿಗಿಯನ್ನು ಇನ್ನೊಮ್ಮೆ ನೋಡಬೇಕು.

ಸದ್ದು, ಬ್ರೇಕ್ ಹಾಕಿದಾಗ ಒಂದು ಕಡೆ ಎಳೆತ, ಟೈರ್ ಒಂದೇ ಮಗ್ಗುಲು ಸವೆಯುವುದು, ಈ ಮೂರರಲ್ಲಿ ಒಂದು ಕಂಡರೂ ಬುಷ್ ನೋಡಿಸಿ. ಮನೆಯಲ್ಲಿ ಸ್ಟ್ಯಾಂಡ್ ಇಲ್ಲದಿದ್ದರೆ ಮಿಸ್ತ್ರಿಯ ಬಳಿಗೇ ಹೋಗಿ.

ಆ ದಿನ ಗ್ಯಾರೇಜಿನಿಂದ ಬರುವಾಗ ಅಬ್ಬಾ ಬೈಯುತ್ತಾರೆಂದು ಕಾದೆ. ಅರ್ಧ ದಾರಿಯವರೆಗೆ ಸುಮ್ಮನಿದ್ದರು. ಆಮೇಲೆ, "ತಪ್ಪು ಒಪ್ಪಿಕೊಂಡಿ, ಚಲೋ ಆತು. ಇನ್ನ ಉಳಿದ ಒಂಬತ್ತು ಬುಷ್ ಯಾವಾಗ ಹಾಕ್ತಿ?" ಎಂದರು. ಮುಂದಿನ ಭಾನುವಾರ ಮಿಸ್ತ್ರಿ ಚಾಚಾನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಒಂಬತ್ತನ್ನೂ ಹಾಕಿದೆ. ಕೊನೆಯ ಬೋಲ್ಟ್ ಬಿಗಿಯುವಾಗ ನಾಲ್ಕೂ ಗಾಲಿ ನೆಲದ ಮೇಲಿದ್ದವು.